ತಂತಿಯಿಲ್ಲದ ಮನೆಯಲ್ಲಿ ಶಿಶುಪಾಲನೆ

(ಗೃಹಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶಿಶುಪಾಲನೆಯು ಗೃಹಸ್ಥಧರ್ಮದ ಮೊದಲನೆಯ ಕರ್ತವ್ಯವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಸರಳಜೀವನವು ಶ್ರೇಯಸ್ಕರವಾದುದೆಂಬುದನ್ನೂ ಹಿರಿಯರೆಲ್ಲರೂ ಒಪ್ಪಿರುವರು. ಆದರೆ ಇವೆರಡೂ ಒಂದೇ ಮನೆಯಲ್ಲಿ ಕೂಡಿದಾಗ ಏಳುವ ಪ್ರಶ್ನೆಗಳನ್ನು ವಿಚಾರಿಸಿದವರು ವಿರಳ. ಪಟ್ಟಣವನ್ನು ಬಿಟ್ಟು, ವಿದ್ಯುಚ್ಛಕ್ತಿಯ ತಂತಿಯನ್ನು ಬಯಸದೆ, ಕಾಡಿನ ಅಂಚಿನಲ್ಲಿಯೋ ಹೊಲದ ನಡುವೆಯೋ ಮನೆಯನ್ನು ಕಟ್ಟಿಕೊಂಡು, ಬಾವಿಯ ನೀರು, ಸೌದೆಯ ಒಲೆ, ಸೂರ್ಯನ ಬೆಳಕು ಇವುಗಳಿಂದಲೇ ಬಾಳಬೇಕೆಂದು ಹೊರಡುವ ತರುಣ ದಂಪತಿಗಳು ಈಚೆಗೆ ಅಲ್ಲಲ್ಲಿ ಕಾಣಬರುತ್ತಿರುವರು. ಅಂಥವರ ತೊಡೆಯ ಮೇಲೆ ಒಂದು ಮಗುವಿದ್ದರೆ ಅದರ ಪಾಲನೆಯು ಹೇಗೆ ನಡೆಯತಕ್ಕದ್ದು ಎಂಬುದೇ ಈ ದಿನದ ವಿಚಾರವು.

ತಂತಿಯಿಲ್ಲದ ಮನೆಯು ಹೊಸದೇನೂ ಅಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ಎಲೆಕ್ಟ್ರಿಕ್ ದೀಪವು ಬೆಳಗಿದುದು 1905ರಲ್ಲಿ. ಅದಕ್ಕೆ ಹಿಂದೆ ಕನ್ನಡ ನಾಡಿನ ಮಕ್ಕಳೆಲ್ಲರೂ, ಸಿರಿವಂತರ ಮಕ್ಕಳಾಗಲಿ ಬಡವರ ಮಕ್ಕಳಾಗಲಿ, ಎಣ್ಣೆಯ ದೀಪದ ಬೆಳಕಿನಲ್ಲಿಯೇ ಬೆಳೆದರು. 2018ನೆಯ ಏಪ್ರಿಲ್ ತಿಂಗಳಲ್ಲಿ ಭಾರತದ ಎಲ್ಲ ಗ್ರಾಮಗಳಿಗೂ ವಿದ್ಯುತ್ತು ಮುಟ್ಟಿತೆಂದು ಸರ್ಕಾರವು ಸಾರಿತು. ಹೀಗೆ ನೂರು ವರ್ಷಗಳಿಗೆ ಸ್ವಲ್ಪ ಮೀರಿದ ಅವಧಿಯಲ್ಲಿ, ಎಲ್ಲರ ಪಾಲಿಗೂ ಅನಿವಾರ್ಯವಾಗಿದ್ದ ಸ್ಥಿತಿಯು ಕೆಲವರು ಬೇಕೆಂದು ಆರಿಸಿಕೊಳ್ಳುವ ವ್ರತವಾಗಿ ಪರಿಣಮಿಸಿತು. ಈ ವ್ಯತ್ಯಾಸವು ಸಣ್ಣದಲ್ಲ. ತಾನಾಗಿ ಬಂದ ಬಡತನವನ್ನು ತಾಳುವುದು ಬೇರೆ, ಇಚ್ಛೆಯಿಂದ ಹಿಡಿದ ವ್ರತವನ್ನು ನಡೆಸುವುದು ಬೇರೆ. ಅದಕ್ಕಿಂತಲೂ ಮುಖ್ಯವಾದ ಮಾತೊಂದುಂಟು: ವ್ರತವನ್ನು ಹಿಡಿದವರು ತಾಯಿತಂದೆಗಳು, ಮಗುವಲ್ಲ.

ಹಿಂದಿನ ಕಾಲವೆಲ್ಲ ಬಂಗಾರವಾಗಿದ್ದಿತೆಂದು ಹೇಳುವ ಅಭ್ಯಾಸವು ಲೋಕದಲ್ಲಿ ಇರುವುದಷ್ಟೆ. ಆ ಮಾತನ್ನು ಮಕ್ಕಳ ವಿಷಯದಲ್ಲಿ ಆಡುವ ಮುನ್ನ ಲೆಕ್ಕವನ್ನು ನೋಡಬೇಕು. ಭಾರತದಲ್ಲಿ 1971ರಲ್ಲಿ ಜೀವಂತವಾಗಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವುದರೊಳಗೆ ಮೃತಿಹೊಂದುತ್ತಿದ್ದವು. 2020ರಲ್ಲಿ ಆ ಸಂಖ್ಯೆಯು 28ಕ್ಕೆ ಇಳಿಯಿತು. ಚುಚ್ಚುಮದ್ದು, ಶುದ್ಧವಾದ ನೀರು, ಆಸ್ಪತ್ರೆಯ ಹೆರಿಗೆ, ತಾಯಂದಿರ ವಿದ್ಯೆ ಮೊದಲಾದವುಗಳೆಲ್ಲವೂ ಕೂಡಿ ಈ ಕಾರ್ಯವನ್ನು ಸಾಧಿಸಿದವು. ಹಿಂದಿನ ಮನೆಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ತಿಳಿವಳಿಕೆಗೂ ಸಾಧನಗಳಿಗೂ ಕೊರತೆಯಿದ್ದಿತು. ಸರಳತೆಗೆ ಹಿಂದಿರುಗುವವರು ಆ ಕೊರತೆಗೂ ಹಿಂದಿರುಗಬೇಕಾದುದಿಲ್ಲ.

ವ್ರತವು ಯಾರದು, ಅದರ ಭಾರವು ಯಾರದು ಎಂಬ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕ ದೇಶದ ಒಂದು ವೃತ್ತಾಂತವು ನಿದರ್ಶನವಾಗಿದೆ. 1843ನೆಯ ಜೂನ್ ತಿಂಗಳಲ್ಲಿ ಬ್ರಾನ್ಸನ್ ಆಲ್ಕಾಟ್ ಎಂಬ ತತ್ತ್ವಚಿಂತಕನು ಚಾರ್ಲ್ಸ್ ಲೇನ್ ಎಂಬ ಇಂಗ್ಲಿಷ್ ಮಿತ್ರನೊಡನೆ ಮ್ಯಾಸಚೂಸೆಟ್ಸ್ ಪ್ರಾಂತದ ಹಾರ್ವರ್ಡ್ ಎಂಬ ಹಳ್ಳಿಯ ಬಳಿ ಒಂದು ಹೊಲಮನೆಯನ್ನು ಹಿಡಿದು, ಅದಕ್ಕೆ ‘ಫ್ರೂಟ್‌ಲ್ಯಾಂಡ್ಸ್’ ಎಂಬ ಹೆಸರನ್ನಿಟ್ಟು, ನಿಷ್ಕಳಂಕವಾದ ಸರಳಜೀವನವನ್ನು ನಡೆಸಲು ತೊಡಗಿದನು. ಅವನ ಪತ್ನಿ ಅಬಿಗೇಲಳೂ ನಾಲ್ವರು ಹೆಣ್ಣುಮಕ್ಕಳೂ ಜತೆಗಿದ್ದರು. ಎರಡನೆಯ ಮಗಳು ಲೂಯಿಸಾಳಿಗೆ ಆಗ ಹತ್ತು ವರ್ಷ. ಕಡೆಯ ಮಗುವಿಗೆ ಮೂರು ತುಂಬಿರಲಿಲ್ಲ. ಆ ಮನೆಯಲ್ಲಿ ಮಾಂಸವಿಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ. ಗುಲಾಮರು ಬೆಳೆದುದೆಂದು ಹತ್ತಿಯ ಬಟ್ಟೆಯು ವರ್ಜ್ಯ. ಕುರಿಯಿಂದ ಕಸಿದುದೆಂದು ಉಣ್ಣೆಯೂ ವರ್ಜ್ಯ. ನಾರುಬಟ್ಟೆಯನ್ನುಟ್ಟು ತಣ್ಣೀರಿನಲ್ಲಿ ಮಿಂದು ಅವರು ಬಾಳಿದರು.

ಉದ್ದೇಶವು ಉದಾತ್ತವಾದುದೇ ಸರಿ. ಗುಲಾಮಗಿರಿಯನ್ನು ಸಹಿಸದ ಆ ಮನಸ್ಸುಗಳನ್ನು ಯಾರು ತಾನೆ ಹಳಿಯುವರು? ಆದರೆ ಕೊಯ್ದ ಬಾರ್ಲಿಯು ಹೊಲದಲ್ಲಿ ಬಿದ್ದಿದ್ದಾಗ ಗಂಡಸರು ತತ್ತ್ವಪ್ರಚಾರಕ್ಕಾಗಿ ಊರೂರು ತಿರುಗುತ್ತಿದ್ದರು. ಬಿರುಗಾಳಿ ಮಳೆಗಳು ಏರಿಬರಲು, ಅಬಿಗೇಲಳೇ ಮಕ್ಕಳನ್ನು ಕಟ್ಟಿಕೊಂಡು, ಬುಟ್ಟಿಗಳಲ್ಲಿಯೂ ದುಪ್ಪಟಿಗಳಲ್ಲಿಯೂ ಕಾಳನ್ನು ಹೊತ್ತು ಮನೆಗೆ ಸಾಗಿಸಿದಳು. ಚಳಿಗಾಲವು ಬಂದಿತು, ಆಹಾರವೂ ಸೌದೆಯೂ ಸಾಲದಾದವು. 1844ನೆಯ ಜನವರಿಯಲ್ಲಿ, ಅಂದರೆ ಸುಮಾರು ಏಳು ತಿಂಗಳುಗಳಲ್ಲಿ, ಆ ಪ್ರಯೋಗವು ಮುಗಿದುಹೋಯಿತು. ಮುಂದೆ ಪ್ರಸಿದ್ಧ ಲೇಖಕಿಯಾದ ಲೂಯಿಸಾಳು ಈ ದಿನಗಳನ್ನು ಕುರಿತು 1873ರಲ್ಲಿ ಒಂದು ವಿನೋದಕಥೆಯನ್ನು ಬರೆದಳು. ಪ್ರಾಣಿಗಳಿಂದ ಬಂದ ಎಣ್ಣೆಯು ಕೂಡದೆಂದು ಗಂಡಸರೆಲ್ಲರೂ ಕತ್ತಲಲ್ಲಿ ಕುಳಿತು ತತ್ತ್ವವನ್ನು ಚರ್ಚಿಸುತ್ತಿರುವಾಗ, ಹಗಲೆಲ್ಲ ದುಡಿದು ರಾತ್ರಿಯಲ್ಲಿ ಮಕ್ಕಳ ಹರಿದ ಬಟ್ಟೆಗಳನ್ನು ಹೊಲಿಯಬೇಕಾಗಿದ್ದ ತಾಯಿಯೊಬ್ಬಳು ಮಾತ್ರ ದೀಪವನ್ನು ಬಿಡೆನೆಂದು ಹಟಹಿಡಿದುದನ್ನು ಅವಳು ಅದರಲ್ಲಿ ಚಿತ್ರಿಸಿರುವಳು.

ಸಭಾಸದರೇ, ಈ ವೃತ್ತಾಂತದಿಂದ ದೊರೆಯುವ ಪರೀಕ್ಷೆಯು ಸುಲಭವಾದುದು. ಮನೆಯಿಂದ ಯಾವ ವಸ್ತುವನ್ನು ತ್ಯಜಿಸುವಾಗಲೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ತ್ಯಾಗದ ಭಾರವು ಯಾರ ಹೆಗಲ ಮೇಲೆ ಬೀಳುವುದು? ತ್ಯಜಿಸಿದವನ ಹೆಗಲ ಮೇಲೆಯೇ ಬಿದ್ದರೆ ಅದು ಸರಳತೆ. ಮಗುವಿನ ಮೇಲೆ ಬಿದ್ದರೆ ಅದು ಕೊರತೆ. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ಮಲೆನಾಡಿನ ತಂತಿಯಿಲ್ಲದ ಮನೆಯೊಂದನ್ನು ಕಣ್ಣಮುಂದಿಟ್ಟುಕೊಂಡು, ಶಿಶುವಿನ ಒಂದೊಂದು ಅವಶ್ಯಕತೆಯನ್ನೂ ಪರೀಕ್ಷಿಸಬಹುದು.

ಮೊದಲು ಹಸುಗೂಸಿನ ಮಾತು. ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ಈ ವಿಷಯದಲ್ಲಿ ವ್ರತಕ್ಕೆ ಎಡೆಯಿಲ್ಲ. ಮನೆಗೆ ಬಂದ ಶಿಶುವಿಗೆ ಬೇಕಾದುದು ಬೆಚ್ಚನೆಯ ಮೈ ಮತ್ತು ತಾಯಿಯ ಹಾಲು. ಇವೆರಡಕ್ಕೂ ತಂತಿಯ ಹಂಗಿಲ್ಲ. ಕೊಲಂಬಿಯ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಶಾಖದ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯನು 1978ರಲ್ಲಿ ಶಿಶುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಡುವ ಕ್ರಮವನ್ನು ಆಚರಣೆಗೆ ತಂದನು. ಮರಿಯನ್ನು ಚೀಲದಲ್ಲಿ ಹೊರುವ ಪ್ರಾಣಿಯ ಹೆಸರಿನಿಂದ ಅದಕ್ಕೆ ‘ಕಾಂಗರೂ ಆರೈಕೆ’ ಎಂದು ಹೆಸರಾಯಿತು. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆಯನ್ನು ಪಡೆದ ಕಡಿಮೆ ತೂಕದ ಶಿಶುಗಳಲ್ಲಿ ಮರಣವು ಉಳಿದವುಗಳಿಗಿಂತ ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾದುದು ಕಂಡುಬಂದಿತು. ವೈದ್ಯನ ತಿಳಿವಳಿಕೆಯೂ ತಾಯಿಯ ಎದೆಯೂ ಕೂಡಿದಾಗ ಸರಳವಾದುದೇ ಶ್ರೇಷ್ಠವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

ಆರು ತಿಂಗಳು ತುಂಬುವವರೆಗೆ ಶಿಶುವಿಗೆ ತಾಯಿಯ ಹಾಲಲ್ಲದೆ ನೀರೂ ಬೇಡ. ನವಜಾತಶಿಶುವಿನ ನಾಲಗೆಗೆ ಜೇನುತುಪ್ಪವನ್ನು ಸವರುವ ಪದ್ಧತಿಯು ಎಷ್ಟೋ ಮನೆಗಳಲ್ಲಿದೆ; ಕಾಡಿನ ಜೇನು ಕೈಗೆ ಸಿಕ್ಕುವಲ್ಲಿ ಆ ಆಸೆಯು ಇನ್ನೂ ಹೆಚ್ಚು. ಆದರೆ ಜೇನಿನಲ್ಲಿರಬಹುದಾದ ಒಂದು ಸೂಕ್ಷ್ಮಾಣುವಿನಿಂದ ಎಳೆಯ ಶಿಶುವಿಗೆ ಪಾರ್ಶ್ವವಾಯುವಿನಂಥ ಘೋರವಾದ ರೋಗವು ತಗಲಬಹುದಾದುದರಿಂದ, ಒಂದು ವರ್ಷ ತುಂಬುವವರೆಗೆ ಜೇನನ್ನು ಕೊಡಲೇಕೂಡದು. ಆರು ತಿಂಗಳ ನಂತರ ರಾಗಿಯ ಸರಿಯನ್ನು ತೊಡಗಿಸುವುದು ಕನ್ನಡ ತಾಯಂದಿರ ಹಳೆಯ ಪದ್ಧತಿ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುವ ಈ ಕ್ರಮವನ್ನು ವಿಜ್ಞಾನವೂ ಮೆಚ್ಚಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಳಿಗೂ ಮೀರಿದ ಸುಣ್ಣದ ಅಂಶವುಂಟು. ಮೊಳಕೆ ಬಂದ ರಾಗಿಯ ಗಂಜಿಯು ಗಟ್ಟಿಯಾಗದೆ ತೆಳುವಾಗಿಯೇ ನಿಲ್ಲುವುದರಿಂದ ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚಿನ ಹಿಟ್ಟು ಸೇರುವುದು. ಇದರೊಡನೆ ಬೇಳೆಯ ಕಟ್ಟು, ಕಿವುಚಿದ ಸೊಪ್ಪು, ಬಾಳೆಯ ಹಣ್ಣು, ಒಂದು ಹನಿ ತುಪ್ಪ, ಇವೆಲ್ಲವೂ ಹಿತ್ತಲಿನಲ್ಲಿಯೂ ಕೊಟ್ಟಿಗೆಯಲ್ಲಿಯೂ ಹುಟ್ಟತಕ್ಕವು. ಹಾಲನ್ನೂ ತ್ಯಜಿಸುವ ನಿಯಮವುಳ್ಳ ದಂಪತಿಗಳು ಮಾತ್ರ ಇಲ್ಲಿ ಎಚ್ಚರವಾಗಿರಬೇಕು. ಬಿ-12 ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ಹಾಲು ಮೊಸರುಗಳಿಂದಲೇ ದೊರೆಯುವುದು. ತಾಯಿಯಲ್ಲಿ ಅದು ತೀರಿಹೋದರೆ ಎದೆಹಾಲು ಕುಡಿಯುವ ಕೂಸಿನ ನರಗಳಿಗೂ ಮೆದುಳಿಗೂ ಹಾನಿಯಾಗುವುದು. ಅಂಥವರು ವೈದ್ಯರನ್ನು ಕೇಳಿ ಅದನ್ನು ಔಷಧರೂಪದಲ್ಲಿ ಸೇವಿಸತಕ್ಕದ್ದು.

ಇನ್ನು ನೀರು. ಬಾವಿಯ ನೀರು ತಂಪಾಗಿಯೂ ತಿಳಿಯಾಗಿಯೂ ಇದ್ದ ಮಾತ್ರಕ್ಕೆ ಶುದ್ಧವೆನಿಸದು. ಮಳೆಗಾಲದಲ್ಲಿ ಕೊಟ್ಟಿಗೆಯ ಕೊಳೆಯೂ ಗದ್ದೆಯ ಕೆಸರೂ ಬಾವಿಗೆ ಜಿನುಗುವುವು. ಕಕ್ಕಸಿನ ಗುಂಡಿಯೂ ಗೊಬ್ಬರದ ಗುಂಡಿಯೂ ಬಾವಿಗೆ ದೂರವಾಗಿ, ನೆಲದ ಇಳಿಜಾರಿನಲ್ಲಿ ಕೆಳಗಡೆ ಇರತಕ್ಕದ್ದು. ಮಗುವು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಗುಳ್ಳೆಗಳೆದ್ದು ಕುದಿಯುವಂತೆ ಒಂದು ನಿಮಿಷ ಕಾಯಿಸಿದರೆ ಸಾಕು. ಬೇಸಗೆಯಲ್ಲಿ ತಿಳಿನೀರನ್ನು ಪಾರದರ್ಶಕವಾದ ಸಣ್ಣ ಸೀಸೆಯಲ್ಲಿ ತುಂಬಿ ಆರು ಗಂಟೆಗಳ ಕಾಲ ಬಿಸಿಲಿನಲ್ಲಿಟ್ಟರೂ ರೋಗಾಣುಗಳು ಸಾಯುವುವು. ಮೋಡ ಮುಸುಕಿದ ಆಷಾಢ ಶ್ರಾವಣಗಳಲ್ಲಿ ಈ ಉಪಾಯವು ನಡೆಯದು, ಒಲೆಯೇ ಗತಿ. ಆದರೂ ಭೇದಿಯು ತಗಲಿದರೆ, ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು, ಎದೆಹಾಲನ್ನು ನಿಲ್ಲಿಸಕೂಡದು. 1971ರಲ್ಲಿ ಬಾಂಗ್ಲಾದ ನಿರಾಶ್ರಿತರು ಬನಗಾಂವಿನ ಶಿಬಿರಗಳಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಏರಿಸುವ ದ್ರವವು ತೀರಿಹೋಗಲು, ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಸಕ್ಕರೆ ಉಪ್ಪುಗಳ ಇಂಥ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಟ್ಟು ಬಂಧುಗಳ ಕೈಯಿಂದ ಕುಡಿಸಿ ಬಹು ಜನರನ್ನು ಉಳಿಸಿದರು. ಅಡಿಗೆಮನೆಯ ಎರಡು ಡಬ್ಬಿಗಳಲ್ಲಿ ಇಂಥ ಶಕ್ತಿಯಿರುವುದನ್ನು ಪ್ರತಿಯೊಬ್ಬ ತಾಯಿಯೂ ತಂದೆಯೂ ಅರಿತಿರಬೇಕು. ಕಣ್ಣು ಗುಳಿಬಿದ್ದರೆ, ಮಗುವು ಕುಡಿಯಲಾರದೆ ಜೋತುಬಿದ್ದರೆ, ಮಲದಲ್ಲಿ ರಕ್ತವು ಕಂಡರೆ ಆಸ್ಪತ್ರೆಗೆ ಒಯ್ಯುವುದರಲ್ಲಿ ತಡಮಾಡಕೂಡದು.

ಸರಳಜೀವನದ ಚಿತ್ರಗಳಲ್ಲಿ ಸೌದೆಯ ಒಲೆಯು ಬಹು ಮನೋಹರವಾಗಿ ಕಾಣುವುದು. ಮಗುವಿನ ಶ್ವಾಸಕೋಶಕ್ಕೆ ಮಾತ್ರ ಅದು ವೈರಿಯು. ಮನೆಯೊಳಗಿನ ಹೊಗೆಯು ಎಳೆಯ ಮಕ್ಕಳಲ್ಲಿ ನ್ಯುಮೋನಿಯಾದ ಸಂಭವವನ್ನು ಬಹುಮಟ್ಟಿಗೆ ಇಮ್ಮಡಿಸುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ತಾಯಿಯು ಅಡಿಗೆ ಮಾಡುವಾಗ ಕಂಕುಳಲ್ಲಿಯೋ ಬೆನ್ನ ಮೇಲೆಯೋ ಇರುವ ಕೂಸು ಅವಳು ಉಸಿರಾಡುವ ಹೊಗೆಯನ್ನೇ ಉಸಿರಾಡುವುದು. ಇದಕ್ಕೆ ಪರಿಹಾರಗಳು ನಾಡಿನಲ್ಲಿಯೇ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೋಪಯೋಗಕ್ಕಾಗಿ ಹುಟ್ಟಿದ ‘ಅಸ್ತ್ರ’ ಎಂಬ ಶಾಖೆಯು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿ ಕಡಿಮೆ ಸೌದೆಯಲ್ಲಿ ಅಡಿಗೆಯಾಗುವ ಒಲೆಯನ್ನು ರೂಪಿಸಿತು. ‘ಅಸ್ತ್ರ ಒಲೆ’ ಎಂದೇ ಅದು ಹಳ್ಳಿಗಳಲ್ಲಿ ಹೆಸರಾಯಿತು. ನಾಲ್ಕೈದು ದನಗಳುಳ್ಳ ಮನೆಗೆ ಗೋಬರ್ ಗ್ಯಾಸು ಇನ್ನೂ ಉತ್ತಮ. ದಿನವೊಂದಕ್ಕೆ ಸುಮಾರು ಐವತ್ತು ಕಿಲೋಗ್ರಾಂ ಸಗಣಿಯನ್ನು ಹಾಕಿದರೆ ಎರಡು ಘನಮೀಟರಿನ ತೊಟ್ಟಿಯು ಒಂದು ಸಂಸಾರದ ಅಡಿಗೆಗೆ ಸಾಕಾಗುವಷ್ಟು ಅನಿಲವನ್ನು ಕೊಡುವುದು; ಉಳಿದ ಬಗ್ಗಡವು ತೋಟಕ್ಕೆ ಗೊಬ್ಬರ. ತುಮಕೂರು ಜಿಲ್ಲೆಯ ಪುರವೆಂಬ ಸಣ್ಣ ಊರಿನಲ್ಲಿ ಸಗಣಿಯ ಅನಿಲದಿಂದಲೇ ಎಂಜಿನನ್ನು ನಡೆಸಿ ಮನೆಮನೆಗೆ ನೀರನ್ನೂ ದೀಪವನ್ನೂ ಒದಗಿಸುವ ಕಾರ್ಯವು 1987ರಿಂದ ಹಲವು ವರ್ಷಗಳ ಕಾಲ ನಡೆಯಿತು. ಹೊಗೆಯಿಲ್ಲದ ಒಲೆಗೆ ಹಣವಿಲ್ಲವೆನ್ನುವವರು ಉಳಿದ ಯಾವ ಖರ್ಚನ್ನಾದರೂ ಮುಂದಕ್ಕೆ ಹಾಕಬಹುದು, ಇದನ್ನು ಹಾಕಕೂಡದು.

ಬೆಳಕಿನ ಮಾತೂ ಹೀಗೆಯೇ. ಸೀಮೆಎಣ್ಣೆಯ ಬುಡ್ಡಿಯು ಹೊಗೆಯನ್ನೂ ಉಗುಳುವುದು, ಬಿದ್ದರೆ ಬೆಂಕಿಯನ್ನೂ ಹಚ್ಚುವುದು. ನೀರಿನ ಸೀಸೆಯಲ್ಲಿ ತುಂಬಿಟ್ಟ ಸೀಮೆಎಣ್ಣೆಯನ್ನು ನೀರೆಂದು ಕುಡಿದು ಆಸ್ಪತ್ರೆ ಸೇರುವ ಮಕ್ಕಳುಂಟು. ಹಾಗೆ ಕುಡಿದ ಮಗುವಿಗೆ ವಾಂತಿ ಮಾಡಿಸುವುದು ಶ್ವಾಸಕೋಶಕ್ಕೆ ಇನ್ನೂ ಅಪಾಯಕರ. ಅಂಗೈಯಗಲದ ಸೌರಫಲಕವೂ ಒಂದು ಎಲ್‌ಇಡಿ ದೀಪವೂ ಇದ್ದರೆ ಈ ಭಯವೆಲ್ಲ ತಪ್ಪುವುದು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಎಷ್ಟೋ ಒಂಟಿಮನೆಗಳಲ್ಲಿ ಗುಡ್ಡದ ಝರಿಯ ನೀರನ್ನು ಕೊಳವೆಯಲ್ಲಿ ಇಳಿಸಿ ಸಣ್ಣ ಚಕ್ರವನ್ನು ತಿರುಗಿಸಿ ಮನೆಯ ದೀಪಗಳನ್ನು ಬೆಳಗಿಸುವರು. ಮಗುವಿದ್ದ ಮನೆಯಲ್ಲಿ ರಾತ್ರಿ ಎದ್ದರೆ ಕೈಗೆ ಸಿಕ್ಕುವ ಒಂದು ಬೆಳಕು ಇರಲೇಬೇಕು. ರಾತ್ರಿ ಸಂಚರಿಸುವ ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದುಂಟು. ಮಂಚ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ, ಕೈದೀಪ ಇವು ಮೂರೂ ರಕ್ಷೆಗಳು. ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಗುವನ್ನು ಅಲುಗಿಸದೆ, ವಿಷಹರ ಔಷಧವುಳ್ಳ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ.

ಕಾಡಿನ ಅಂಚಿನಲ್ಲಿ ಬಾಳುವವರು ಕಾಡಿನ ರೋಗವನ್ನೂ ಅರಿಯಬೇಕು. ಸೊರಬ ಸೀಮೆಯ ಕ್ಯಾಸನೂರಿನ ಅರಣ್ಯದಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣ್ಣೆಹುಳುಗಳಿಂದ ಹರಡುವುದು. ಬೇಸಗೆಯಲ್ಲಿ ಕಾಡಿನ ತರಗೆಲೆಯನ್ನು ತಂದು ಕೊಟ್ಟಿಗೆಗೆ ಹಾಸುವ ಮನೆಗಳಲ್ಲಿ ಮಕ್ಕಳನ್ನು ಆ ರಾಶಿಯ ಮೇಲೆ ಆಡಲು ಬಿಡಕೂಡದು. ಬಾವಿಗೆ ಕಟ್ಟೆಯೂ ಮೇಲೆ ಬಲೆಯೂ, ಕೃಷಿಹೊಂಡಕ್ಕೆ ಬೇಲಿಯೂ ಅವಶ್ಯವಾದವು. ತೆವಳುವ ಕೂಸಿಗೆ ಬಚ್ಚಲುಮನೆಯ ಅರ್ಧ ಬಕೆಟ್ಟು ನೀರೂ ಮೃತ್ಯುವಾಗಬಲ್ಲುದು. ಚುಚ್ಚುಮದ್ದುಗಳನ್ನು ಎರಡರಿಂದ ಎಂಟು ಡಿಗ್ರಿಗಳ ಶೈತ್ಯದಲ್ಲಿ ಕಾಯ್ದಿಡಬೇಕಾಗುವುದು. ಆ ಶೈತ್ಯಕ್ಕೆ ಯಂತ್ರವೂ ವಿದ್ಯುತ್ತೂ ಬೇಕು. ಆದುದರಿಂದ ತಂತಿಯನ್ನು ಬಿಟ್ಟ ಮನೆಯ ಮಗುವಿನ ಪ್ರಾಣವನ್ನೂ ಊರಿನ ಆರೋಗ್ಯಕೇಂದ್ರದ ತಂತಿಯೇ ಕಾಯುತ್ತಿರುವುದೆಂಬುದನ್ನು ವಿನಯದಿಂದ ಒಪ್ಪಿಕೊಳ್ಳಬೇಕು. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಒಂಬತ್ತು ತಿಂಗಳು ತುಂಬಿದಾಗ, ಆಮೇಲೆಯೂ ಹೇಳಿದ ದಿನಗಳಲ್ಲಿ ಮಗುವನ್ನು ಅಲ್ಲಿಗೆ ಒಯ್ಯತಕ್ಕದ್ದು. 2014ರಲ್ಲಿ ಭಾರತವು ಪೋಲಿಯೋ ಮುಕ್ತವೆಂದು ಘೋಷಿತವಾದುದು, ದೂರದ ಒಂಟಿಮನೆಗಳಿಗೂ ಹನಿಯನ್ನು ಹೊತ್ತು ನಡೆದ ಕಾರ್ಯಕರ್ತೆಯರಿಂದಲೇ.

ಮಗುವು ಕೆಮ್ಮಿ ಏದುವಾಗ ಉಸಿರನ್ನು ಎಣಿಸುವುದಕ್ಕೆ ಗಡಿಯಾರವೊಂದು ಸಾಕು. ಮಗುವು ಸುಮ್ಮನಿರುವಾಗ, ಎರಡು ತಿಂಗಳಿಗಿಂತ ಎಳೆಯದಾದರೆ ನಿಮಿಷಕ್ಕೆ 60, ಒಂದು ವರ್ಷದೊಳಗಾದರೆ 50, ಐದು ವರ್ಷದೊಳಗಾದರೆ 40 ಅಥವಾ ಅದಕ್ಕೂ ಹೆಚ್ಚು ಉಸಿರುಗಳಾದರೆ, ಇಲ್ಲವೆ ಪಕ್ಕೆಯ ಕೆಳಭಾಗವು ಒಳಕ್ಕೆ ಸೆಳೆದರೆ, ವೈದ್ಯನಿಗಾಗಿ ಬೆಳಗಿನವರೆಗೆ ಕಾಯಕೂಡದು. ಆದುದರಿಂದ ಮನೆಯನ್ನು ಕಟ್ಟುವ ಮುನ್ನವೇ ದಾರಿಯನ್ನು ನೋಡಬೇಕು. ಆಷಾಢದ ಮಳೆಯಲ್ಲಿ ಹಳ್ಳವು ಉಕ್ಕಿದಾಗ ಕಾಲುಸಂಕವು ದಾಟಲು ಬರುವುದೇ? ಆಂಬ್ಯುಲೆನ್ಸು ಎಲ್ಲಿಯವರೆಗೆ ಬರಬಲ್ಲುದು? ಕರೆಯುವುದಕ್ಕೆ ಸೌರಫಲಕದಿಂದ ತುಂಬಿಸಿಟ್ಟ ದೂರವಾಣಿಯುಂಟೆ, ಅದಕ್ಕೆ ಸಂಕೇತವು ಸಿಕ್ಕುವ ದಿಬ್ಬವು ಎಲ್ಲಿದೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಜಾಗದಲ್ಲಿ ಸನ್ಯಾಸಿಯು ಇರಬಹುದು, ಕೂಸುಳ್ಳ ಗೃಹಸ್ಥನು ಇರಲಾಗದು.

ಭಾರವು ಮಗುವಿನ ಮೇಲೆ ಬೀಳದಿದ್ದರೆ ಸಾಲದು. ಅದೆಲ್ಲವೂ ತಾಯಿಯೊಬ್ಬಳ ಮೇಲೆ ಬೀಳಕೂಡದೆಂಬುದನ್ನೂ ನೆನೆಯಬೇಕು. ತಂತಿಯಿಲ್ಲದ ಮನೆಯಲ್ಲಿ ಕೆಲಸವು ಬಹಳ. ನೀರು ಸೇದುವುದು, ಸೌದೆ ಒಡೆಯುವುದು, ರುಬ್ಬುವುದು, ಬೀಸುವುದು, ಕೂಸಿನ ಬಟ್ಟೆಗಳನ್ನು ಒಗೆದು ಮಳೆಗಾಲದಲ್ಲಿ ಒಣಗಿಸುವುದು, ಇವೆಲ್ಲವನ್ನೂ ಕೈಯೇ ಮಾಡಬೇಕು. ಯಂತ್ರವನ್ನು ಬಿಟ್ಟೆನೆಂದು ಹಿಗ್ಗುವ ಗಂಡಸು ಆ ಯಂತ್ರದ ಸ್ಥಾನದಲ್ಲಿ ಹೆಂಡತಿಯನ್ನು ನಿಲ್ಲಿಸಿದರೆ ಅವನು ತ್ಯಜಿಸಿದುದು ಏನು? ಫ್ರೂಟ್‌ಲ್ಯಾಂಡ್ಸಿನ ಬಾರ್ಲಿಯ ಹೊಲವು ಕೇಳುವ ಪ್ರಶ್ನೆಯೂ ಇದೇ. ಬಾಣಂತಿಗೆ ಬೆಳಗಿನ ನಿದ್ದೆಯೂ ಹಂಡೆಯ ಬಿಸಿನೀರೂ ತಪ್ಪದೆ ದೊರೆಯುವಂತೆ ನಡೆದುಕೊಳ್ಳುವ ಗಂಡನೇ ಸರಳಜೀವನಕ್ಕೆ ಅರ್ಹನಾದವನು.

ಕಡೆಯದಾಗಿ ವಿದ್ಯೆಯ ಮಾತು. ಮಹಾತ್ಮ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ 1904ರಲ್ಲಿ ಫೀನಿಕ್ಸ್ ಆಶ್ರಮವನ್ನೂ 1910ರಲ್ಲಿ ಟಾಲ್‌ಸ್ಟಾಯ್ ಕ್ಷೇತ್ರವನ್ನೂ ಸ್ಥಾಪಿಸಿದರು. ಟಾಲ್‌ಸ್ಟಾಯ್ ಕ್ಷೇತ್ರದಲ್ಲಿ ಆಳುಗಳಿರಲಿಲ್ಲ. ಅಡಿಗೆಯಿಂದ ಹಿಡಿದು ಕಸ ತೆಗೆಯುವವರೆಗೆ ಎಲ್ಲರೂ ದುಡಿದರು, ಮಕ್ಕಳೂ ದುಡಿದರು, ದುಡಿಯುತ್ತ ಕಲಿತರು. ಕೈಕೆಲಸವು ಮಕ್ಕಳಿಗೆ ಹಿತಕರವೆಂಬ ಅವರ ನಂಬಿಕೆಯು ಅಲ್ಲಿ ಬಲವಾಯಿತು. ಆದರೂ ತಮ್ಮ ಮಕ್ಕಳಿಗೆ ಶಾಲೆಯ ವಿದ್ಯೆಯನ್ನು ತಕ್ಕಷ್ಟು ಕೊಡದೆ ಹೋದುದರಿಂದ ಅವರಿಗೆ ತಮ್ಮ ಮೇಲೆ ಅಸಮಾಧಾನವಿರುವುದೆಂಬುದನ್ನು ಆ ಸತ್ಯಸಂಧರು ತಮ್ಮ ಆತ್ಮಕಥೆಯಲ್ಲಿ ಮರೆಮಾಚಲಿಲ್ಲ. ಅಂಥ ಮಹಾಪುರುಷರ ಮನೆಯಲ್ಲಿಯೇ ಈ ಪ್ರಶ್ನೆಯು ಎದ್ದಿತೆಂದ ಮೇಲೆ ಸಾಮಾನ್ಯ ಗೃಹಸ್ಥರು ಎಷ್ಟು ಎಚ್ಚರವಾಗಿರಬೇಕು! ಮಗುವು ದೊಡ್ಡದಾಗಿ ಈ ಜೀವನವನ್ನೇ ಒಪ್ಪಬಹುದು, ಪಟ್ಟಣಕ್ಕೆ ಹೋಗಿ ಯಂತ್ರವಿದ್ಯೆಯನ್ನೇ ಕಲಿಯಬಹುದು. ಎರಡಕ್ಕೂ ಬಾಗಿಲು ತೆರೆದಿರಬೇಕು. ಅಂಗನವಾಡಿ, ಶಾಲೆ, ಓರಗೆಯ ಮಕ್ಕಳು, ಪುಸ್ತಕ, ಇವುಗಳಿಂದ ಅದನ್ನು ದೂರವಿಡುವ ಹಕ್ಕು ಯಾವ ವ್ರತಕ್ಕೂ ಇಲ್ಲ.

ಇಷ್ಟೆಲ್ಲ ಎಚ್ಚರಗಳನ್ನು ಕೇಳಿ, ಹಾಗಾದರೆ ಈ ಬಾಳಿನಿಂದ ಮಗುವಿಗೆ ಲಾಭವೇನೆಂದು ಯಾರಾದರೂ ಸಂಶಯಪಡಬಹುದು. ಲಾಭವು ಬಹಳವಾಗಿಯೇ ಇದೆ. ಸಂಜೆಯಾದೊಡನೆ ಕತ್ತಲಾಗುವ ಮನೆಯಲ್ಲಿ ಮಗುವು ಹೊತ್ತಿಗೆ ಸರಿಯಾಗಿ ನಿದ್ರಿಸುವುದು. ಅಡಿಕೆಯ ಹಾಳೆಯ ಮೇಲೆ ಕುಳ್ಳಿರಿಸಿ ಅಂಗಳದ ತುಂಬ ಎಳೆದಾಡುವ ಅಣ್ಣನಿದ್ದರೆ ಅದಕ್ಕೆ ಬೇರೆ ಗಾಡಿಯು ಬೇಡ. ಹುಣಿಸೆಯ ಬೀಜ, ತೆಂಗಿನ ಚಿಪ್ಪು, ಬಾಳೆಯ ನಾರು ಇವು ಅದರ ಆಟಿಕೆಗಳು. ಹಾಲು ಎಲ್ಲಿಂದ ಬರುವುದೆಂಬುದನ್ನು ಅದು ಕೊಟ್ಟಿಗೆಯಲ್ಲಿಯೂ, ಅನ್ನವು ಎಲ್ಲಿಂದ ಬರುವುದೆಂಬುದನ್ನು ಗದ್ದೆಯಲ್ಲಿಯೂ ಕಣ್ಣಾರೆ ಕಾಣುವುದು. ಎರಡು ವರ್ಷದ ಕೂಸು ತಂದೆಯ ಹಿಂದೆ ಸಣ್ಣ ತಂಬಿಗೆಯಲ್ಲಿ ನೀರನ್ನು ಹೊತ್ತು ಅರ್ಧವನ್ನು ದಾರಿಯಲ್ಲಿ ಚೆಲ್ಲಿ, ಉಳಿದರ್ಧವನ್ನು ಬದನೆಯ ಗಿಡಕ್ಕೆ ಹೊಯ್ದಾಗ, ತನ್ನಿಂದ ಮನೆಗೆ ಪ್ರಯೋಜನವುಂಟೆಂಬ ಭಾವವು ಅದರಲ್ಲಿ ಮೊಳೆಯುವುದು. ಎಲ್ಲಕ್ಕೂ ಮಿಗಿಲಾಗಿ, ತಾಯಿತಂದೆಗಳು ಅದರ ಕಣ್ಣಿನ ಅಳತೆಯಲ್ಲಿಯೇ ದಿನವೆಲ್ಲ ಇರುವರು. ಪಟ್ಟಣದ ಯಾವ ಅಂಗಡಿಯಲ್ಲಿಯೂ ಈ ವಸ್ತುವು ಮಾರಾಟಕ್ಕಿಲ್ಲ.

ಆದುದರಿಂದ, ಸಭಾಸದರೇ, ತಂತಿಯು ಇದ್ದ ಮಾತ್ರದಿಂದ ಮಗುವು ಸುಖವಾಗಿರುವುದಿಲ್ಲ, ಇಲ್ಲದ ಮಾತ್ರದಿಂದ ದುಃಖದಲ್ಲಿಯೂ ಇರುವುದಿಲ್ಲ. ಕಡಿಮೆ ವಸ್ತುಗಳಿಂದ ಬಾಳುವವರಿಗೆ ಹೆಚ್ಚಿನ ತಿಳಿವಳಿಕೆಯು ಬೇಕು. ವಸ್ತುವು ಮಾಡುತ್ತಿದ್ದ ಕಾವಲನ್ನು ಇನ್ನು ಮನುಷ್ಯನೇ ಮಾಡಬೇಕಾಗಿರುವುದಷ್ಟೆ. ಹಿರಿಯರು ತಮ್ಮ ಊಟವನ್ನು ಕಡಿಮೆ ಮಾಡಿಕೊಳ್ಳಲಿ, ಉಡಿಗೆಯನ್ನು ಕಡಿಮೆ ಮಾಡಿಕೊಳ್ಳಲಿ, ಯಂತ್ರಗಳನ್ನು ಒಂದೊಂದಾಗಿ ಮನೆಯಿಂದ ಹೊರಗಿಡಲಿ. ಅದು ಅವರ ಹಿರಿಮೆ. ಕೂಸಿನ ಹಾಲು, ನೀರು, ಉಸಿರು, ಮದ್ದು, ಅಕ್ಷರ, ಈ ಐದರಲ್ಲಿ ಒಂದನ್ನೂ ಕಡಿಮೆ ಮಾಡದಿರಲಿ. ಹಾಗೆ ನಡೆದುಕೊಳ್ಳುವ ಮನೆಗಳು ನಾಡಿನಲ್ಲಿ ಹೆಚ್ಚಲಿ. ಆ ಮನೆಗಳ ಮಕ್ಕಳು ಆಯುರಾರೋಗ್ಯವಂತರಾಗಿ, ವಿದ್ಯಾವಂತರಾಗಿ, ದುಡಿಮೆಯಲ್ಲಿ ಸಂತೋಷವನ್ನು ಕಾಣುವವರಾಗಿ ಬೆಳೆಯಲಿ.